ಬೆಟ್ಟದ ಹಿಮ ಜಾರುವುದೇಕೆ? ತಾಂಡೂರು ಪರ್ಸಿ ನೋಡಿದವರಿಗೆ ಅರ್ಥವಾಗುವ ಮಾತು

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದಲ್ಲಿ ಹಿಮ ಬೀಳುವುದಿಲ್ಲ. ಬೇಸಿಗೆಯ ಅಕಾಲಿಕ ಮಳೆಯಲ್ಲಿ ಆಣೆಕಲ್ಲು, ತೆಲುಗಿನಲ್ಲಿ ಹೇಳುವ ವಡಗಳ್ಳು, ಬಿದ್ದರೆ ಅದೇ ದೊಡ್ಡ ಸುದ್ದಿ. ಆದರೆ ಸೈನ್ಯಕ್ಕೆ ಸೇರಿದ ಊರಿನ ಹುಡುಗನಿಗೆ ಲಡಾಖಿನಲ್ಲಿ ಡ್ಯೂಟಿ ಬೀಳಬಹುದು. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕಿರುವವರು ರಜೆ ಹಾಕಿ ಹಿಮಾಲಯಕ್ಕೆ ಚಾರಣ ಹೋಗುವುದೂ ಹೊಸದಲ್ಲ. ಅಲ್ಲಿ ಕಾದಿರುವ ದೊಡ್ಡ ಅಪಾಯವೇ ಹಿಮಕುಸಿತ.

ಸಿಯಾಚಿನ್ ನೆನಪು

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಮಂಜುಗಡ್ಡೆಯ ದೊಡ್ಡ ಗೋಡೆಯೇ ಕುಸಿದು ಮದ್ರಾಸ್ ರೆಜಿಮೆಂಟಿನ 10 ಯೋಧರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಾಗ ದೇಶವೇ ಬೆರಗಾಯಿತು. ಆದರೆ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅಷ್ಟು ದಿನ ಬದುಕುಳಿಯುವುದು ತೀರಾ ಅಪರೂಪ.

ಪದರದ ಮೇಲೆ ಪದರ

ಸೋನಂನಲ್ಲಿ ಬಿದ್ದದ್ದು ಗಟ್ಟಿ ಮಂಜುಗಡ್ಡೆ. ಚಾರಣಿಗರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹಿಮದ ಚಪ್ಪಡಿ ಜಾರುವ ಇನ್ನೊಂದು ಬಗೆಯ ಕುಸಿತ. ತಾಂಡೂರಿನ ಗಣಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಪರ್ಸಿ ಕಲ್ಲು ನೆಲದಲ್ಲಿ ಪದರ ಪದರವಾಗಿ ಕೂತಿರುತ್ತದೆ. ಎರಡು ಪದರಗಳ ನಡುವಿನ ಹಿಡಿತ ತಪ್ಪಿದರೆ ಮೇಲಿನ ಚಪ್ಪಡಿ ಇಡಿಯಾಗಿ ಬಿಟ್ಟುಕೊಳ್ಳುತ್ತದೆ.

ಹಿಮವೂ ಹಾಗೆಯೇ. ಪ್ರತಿ ಬಾರಿ ಬಿದ್ದ ಹಿಮ ಒಂದೊಂದು ಪದರವಾಗುತ್ತದೆ. ತೆಳುವಾದ ಹಿಮದ ಅಡಿಯಲ್ಲಿ ನೆಲ ತುಸು ಬೆಚ್ಚಗಿದ್ದು, ಮೇಲೆ ಗಾಳಿ ಕೊರೆಯುತ್ತಿದ್ದರೆ ಒಳಗಿನ ಹಿಮ ಸಕ್ಕರೆಯಂಥ ಬಿಡಿ ಹರಳಾಗುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿಗೆ ಬಿಗಿದು ಗಟ್ಟಿಯಾದರೆ ಸಕ್ಕರೆಯ ಮೇಲೆ ಪರ್ಸಿ ಹಾಸಿದಂತೆ. ಒಬ್ಬ ಮನುಷ್ಯ ಕಾಲಿಟ್ಟ ಭಾರಕ್ಕೇ ಅಡಿಯ ಪದರ ಕುಸಿದು, ಮೇಲಿನದು ಒಮ್ಮೆಲೇ ಜಾರಬಹುದು. ಇಂಥ ದುರಂತಗಳಲ್ಲಿ ಬಹುಪಾಲು ಸಿಕ್ಕಿಕೊಂಡವರಿಂದಲೋ ಜೊತೆಗಾರರಿಂದಲೋ ಶುರುವಾದವು. ಮೇಲಿನಿಂದ ನೋಡಿದರೆ ಮಾತ್ರ ಹಿಮ ಬೆಳ್ಳಗೆ, ಗಟ್ಟಿಯಾಗಿಯೇ ಕಾಣುತ್ತದೆ.

ಅಪಾಯದ ಗುರುತುಗಳು

- 30ರಿಂದ 45 ಡಿಗ್ರಿ ಇಳಿಜಾರು. ಇದಕ್ಕಿಂತ ಕಡಿದಾದ ಕಡೆ ಹಿಮ ಆಗಾಗ ತಾನೇ ಉದುರಿಹೋಗುತ್ತದೆ.
- ಹಿಂದಿನ ಒಂದೆರಡು ದಿನಗಳಲ್ಲಿ ಭಾರಿ ಹಿಮ, ಜೋರು ಗಾಳಿ.
- ದಿಢೀರನೆ ಏರಿದ ಬಿಸಿಲು, ಅಥವಾ ಹಿಮದ ಮೇಲೆ ಮಳೆ.
- ಅಕ್ಕಪಕ್ಕದ ಇಳಿಜಾರಿನಲ್ಲಿ ಹೊಸದಾಗಿ ಜಾರಿದ ಹಿಮ.
- ಕಾಲಿಟ್ಟಾಗ 'ಧಪ್' ಎಂಬ ಸದ್ದು, ಮುಂದಕ್ಕೆ ಓಡುವ ಬಿರುಕು.

ಈ ಕೊನೆಯ ಗುರುತು ಕಂಡರೆ ಆ ಇಳಿಜಾರಿನಿಂದ ಹಿಂದಿರುಗುವುದೇ ಜಾಣತನ.

ಮೊದಲ ನಿಮಿಷಗಳು

ಹೂತವರನ್ನು 10-15 ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಉಸಿರು ಕಟ್ಟಿ ಸಾಯುವವರೇ ಹೆಚ್ಚು. ಹೆಲಿಕಾಪ್ಟರ್ ಬರುವವರೆಗೆ ಕಾಯಲು ಸಮಯವಿರುವುದಿಲ್ಲ, ಜೊತೆಗಿದ್ದವರೇ ಅಗೆಯಬೇಕು. ಅದಕ್ಕೆ ಪ್ರತಿಯೊಬ್ಬರ ಬಳಿ ಮೂರು ಸಾಮಾನು ಬೇಕು: ಹೂತವರ ಜಾಗ ತೋರಿಸುವ ರೇಡಿಯೋ ಟ್ರಾನ್ಸೀವರ್, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಸರಳು, ಸಲಿಕೆ.

ಅನುಭವವಿದ್ದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡವೇ ಹಿಮಕುಸಿತಕ್ಕೆ ಸಿಲುಕಿತು. 27 ಮಂದಿಯ ಶವ ಸಿಕ್ಕಿತು, ಇಬ್ಬರು ಸಿಗಲೇ ಇಲ್ಲ.

ಮನೆಯವರು ಕೇಳಬೇಕಾದ್ದು

ಚಂಡೀಗಢದಲ್ಲಿರುವ ಡಿಆರ್‌ಡಿಒ ಸಂಸ್ಥೆ ಡಿಜಿಆರ್‌ಇ ಹಿಮಾಲಯದ ಜಿಲ್ಲೆಗಳಿಗೆ ಹಿಮಕುಸಿತದ ಮುನ್ನೆಚ್ಚರಿಕೆ ಕೊಡುತ್ತದೆ. ಸೈನಿಕನಿಗೆ ಹೋಗುವ ಜಾಗ ಆರಿಸುವ ಅವಕಾಶವಿಲ್ಲ, ಚಾರಣಿಗನಿಗೆ ಇದೆ. ಮಗನೋ ಮಗಳೋ ಹಿಮದ ಬೆಟ್ಟಕ್ಕೆ ಹೊರಟರೆ ಮೂರು ಮಾತು ಕೇಳಿ: ಆ ದಿನದ ಮುನ್ನೆಚ್ಚರಿಕೆ ಏನು? ಆ ಮೂರು ಸಾಮಾನು ಎಲ್ಲರ ಬಳಿ ಇವೆಯೇ, ಬಳಸಲು ಬರುತ್ತದೆಯೇ? ಹವಾಮಾನ ಕೆಟ್ಟರೆ ಹಿಂದಿರುಗಲು ತಂಡದ ಮುಖಂಡ ಒಪ್ಪಿದ್ದಾನೆಯೇ? ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಆ ಪ್ರಯಾಣ ಮುಂದೂಡುವುದು ಒಳ್ಳೆಯದು.