ಓವಲ್ ಮೈದಾನದ ಆಚೆ ಈಚೆ

1971ರಲ್ಲಿ ಕುಂದಾಪುರದ ಕಡೆಯಿಂದ ಬೊಂಬಾಯಿ ಬಸ್ಸು ಹತ್ತಿದವ ನಾನು. ಹಗಲು ಅಲ್ಲಿನ ಫೋರ್ಟ್ ಪ್ರದೇಶದ ಒಂದು ಕ್ಯಾಂಟೀನಿನಲ್ಲಿ ಚಾ ಕೊಡುವ ಕೆಲಸ, ರಾತ್ರಿ ಕನ್ನಡ ಶಾಲೆ. ಕೆಟ್ಲು ಹಿಡಿದು ದಿನಕ್ಕೆ ನಾಲ್ಕು ಸಲ ಓವಲ್ ಮೈದಾನ ದಾಟುತ್ತಿದ್ದೆ. ಪೂರ್ವಕ್ಕೆ ಹೈಕೋರ್ಟು, ಪಶ್ಚಿಮಕ್ಕೆ ಫ್ಲ್ಯಾಟುಗಳ ಸಾಲು. ನಮ್ಮ ಕಡೆಯ ಗುಮಾಸ್ತರೊಬ್ಬರು ಕೋರ್ಟಿನ ಜಗಲಿಯಲ್ಲಿ ಚಾ ಹೀರುತ್ತ ಆ ಫ್ಲ್ಯಾಟುಗಳನ್ನು ತೋರಿಸಿ, "ಅಲ್ಲೆಲ್ಲ ಮೊದಲು ಸಮುದ್ರ ಮಾರಾಯ" ಎಂದರು. ತಮಾಷೆ ಅಂದುಕೊಂಡೆ.

ತಮಾಷೆಯಲ್ಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಹಳೆಯ ಕೋಟೆಗೋಡೆ ಕೆಡವಿಸಿದ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ಬೊಂಬಾಯಿ ಬಂದರಿನ ಹತ್ತಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಗೋಡೆ ಹೋಗಿ ತೆರವಾದ ಜಾಗದಲ್ಲಿ ಹೈಕೋರ್ಟು, ವಿಶ್ವವಿದ್ಯಾಲಯಗಳೆಲ್ಲ ಕಡಲಿಗೆ ಮುಖಮಾಡಿ ಎದ್ದವು. ಹೈಕೋರ್ಟು ಮುಗಿದ 1878ರಲ್ಲೇ 85 ಮೀಟರಿನ ರಾಜಾಬಾಯಿ ಗಡಿಯಾರ ಗೋಪುರವೂ ಮುಗಿಯಿತು. ಅದರ ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಬೊಂಬಾಯಿಗೆ ಕಾಲಿಟ್ಟವನೇ ಅಲ್ಲ. ದುಡ್ಡು ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದನದು, ಹೆಸರು ಅವನ ತಾಯಿಯದು. ಮೊನಚು ಕಮಾನು, ಚೂಪು ಶಿಖರ ಎಲ್ಲ ಇಂಗ್ಲೆಂಡಿನ ಇಗರ್ಜಿಗಳ ಗಾಥಿಕ್ ಧಾಟಿ. ಆದರೆ ಉದ್ದಾನುದ್ದದ ಜಗಲಿ ಮಾತ್ರ ನಮ್ಮ ಬಿಸಿಲು ಮಳೆ ಕೇಳಿ ಪಡೆದದ್ದು. ಏಪ್ರಿಲ್ ಮಧ್ಯಾಹ್ನ ಅಲ್ಲಿ ನಿಂತು ಬೆವರು ಆರಿಸಿಕೊಂಡವನಿಗೆ ಅದರ ಬೆಲೆ ಗೊತ್ತು.

ಆಮೇಲೆ ಬ್ಯಾಕ್‌ಬೇ ಕಡಲಿನ ಒಂದು ಭಾಗವನ್ನು ತುಂಬಿಸಿ ನೆಲ ಮಾಡಿದರು. ಕೋರ್ಟಿಗೂ ನೀರಿಗೂ ನಡುವೆ 1930ರ ದಶಕದಲ್ಲಿ ಹೊಸ ಊರೇ ಎದ್ದಿತು, ಈ ಸಲ ಸಿಮೆಂಟಿನಲ್ಲಿ. ಇದು ಆರ್ಟ್ ಡೆಕೊ ಧಾಟಿ. ಹಡಗಿನ ಡೆಕ್ಕಿನಂತೆ ದುಂಡಗೆ ತಿರುಗುವ ಬಾಲ್ಕನಿ, ಕಿಟಕಿಗಳ ಮೇಲೆ ಹುಬ್ಬಿನಂತೆ ಚಾಚಿದ ಸಜ್ಜಾ. ನಾನು ಚಾ ಕೊಡುತ್ತಿದ್ದ ಒಂದು ಕಟ್ಟಡದ ಗೇಟಿನಲ್ಲಿ ಕಬ್ಬಿಣದ ಅರ್ಧ ಸೂರ್ಯ, ಕಿರಣಗಳ ಸಮೇತ. ಒಳಗೆ ತಿರುಗಿ ಏರುವ ಮೊಸಾಯಿಕ್ ಮೆಟ್ಟಿಲು. ಮಳೆಗಾಲದಲ್ಲಿ ಆ ಮೆಟ್ಟಿಲಲ್ಲಿ ಒಮ್ಮೆ ಜಾರಿ, ಕೆಟ್ಲು ನನಗಿಂತ ಮೊದಲು ಕೆಳಗೆ ಮುಟ್ಟಿತು. ಆ ದಿನದ ಸಂಬಳ ಕಡಿತ. ಕೋರ್ಟು ನೋಡಿದರೆ ಕೈ ಮುಗಿಯಬೇಕೆನಿಸುತ್ತಿತ್ತು, ಈ ಮನೆಗಳನ್ನು ನೋಡಿದರೆ ಒಳಗೆ ವಾಸಮಾಡುವ ಆಸೆ. ಕೊನೆಗೆ ವಾಸ ಮಾಡಿದ್ದು ದೂರದ ಡೊಂಬಿವಲಿಯಲ್ಲಿ, ಆ ಮಾತು ಬೇರೆ.

ಆದರೆ ಬಾಳಿಕೆಯಲ್ಲಿ ಕೋರ್ಟಿನ ಕಡೆಯ ಕಲ್ಲಿನ ಕಟ್ಟಡಗಳದೇ ಮೇಲುಗೈ. ಉಪ್ಪುಗಾಳಿ ಸಿಮೆಂಟಿನ ಬಿರುಕಿಗಿಳಿದು ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿದಾಗ ಸಜ್ಜಾದ ಚೂರು ಕಳಚಿ ಬೀಳುತ್ತದೆ. 1947ರ ಬಾಡಿಗೆ ಕಾನೂನು ಬಾಡಿಗೆಗಳನ್ನು ಅಲ್ಲಲ್ಲೇ ನಿಲ್ಲಿಸಿದ್ದರಿಂದ ರಿಪೇರಿಗೆ ಕೈಹಾಕುವ ಉಮೇದು ಮಾಲೀಕರಿಗಿರಲಿಲ್ಲ. ಬಾಲ್ಕನಿಗಳಿಗೆ ಅಲ್ಯೂಮಿನಿಯಂ ಕಿಟಕಿ ಹೊಡೆಸಿ ಕೋಣೆ ಮಾಡಿಕೊಂಡವರೂ ಇದ್ದಾರೆ. ದುಂಡು ಬಾಲ್ಕನಿಗೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ ಎಂಬುದು ನನ್ನ ಅಭಿಪ್ರಾಯ.

2018ರಲ್ಲಿ ಯುನೆಸ್ಕೊ ಎರಡೂ ಬದಿಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು; ಒಟ್ಟು 94 ಕಟ್ಟಡಗಳು. ನೀವು ಹೋಗುವುದಾದರೆ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಇಳಿಯಿರಿ, ಕೆಲವೇ ನಿಮಿಷಗಳ ನಡಿಗೆ. ಡೆಕೊ ಮನೆಗಳ ಮೇಲೆ ಬಿಸಿಲು ಬೀಳುವುದು ಬೆಳಿಗ್ಗೆ, ಗೋಪುರದ ಮೇಲೆ ಸಂಜೆ. ಒಂದೇ ಹೊತ್ತು ಸಿಗುವುದಾದರೆ ಸಂಜೆಯೇ ಹೋಗಿ.