ನುಣುಪಾದ ಮೇಲ್ಮೈ: ಮಿತವ್ಯಯದ ಒಂದು ಲೆಕ್ಕಾಚಾರ

ಡೈ ತಯಾರಾಗುವ ಮೊದಲೇ ಉತ್ಪನ್ನದ ಹೊಳಪು, ಉಬ್ಬು-ತಗ್ಗುಗಳನ್ನು ಗಣಕಯಂತ್ರದ ಪರದೆಯ ಮೇಲೆ ಗ್ರಾಹಕರಿಗೆ ತೋರಿಸುವುದು ಇಂದು ಸಣ್ಣ ಉದ್ದಿಮೆಗಳಿಗೂ ಸಾಧ್ಯವಾಗಿದೆ. ಈ ಸೌಲಭ್ಯದ ಬಹುಪಾಲು ತಳಹದಿಯನ್ನು ಹಾಕಿದವರು 1970ರ ದಶಕದಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಕೆಲವು ಸಂಶೋಧನಾ ವಿದ್ಯಾರ್ಥಿಗಳು.

ಆಗ ಗಣಕಯಂತ್ರದ ಸಮಯ, ಸ್ಮೃತಿ ಎರಡೂ ದುಬಾರಿ. ಬಾಗಿದ ಮೇಲ್ಮೈಯನ್ನು ಚಪ್ಪಟೆ ಬಹುಭುಜಗಳಿಂದ ಜೋಡಿಸಲಾಗುತ್ತಿದ್ದುದರಿಂದ ಅಂಚುಗಳು ಎದ್ದು ಕಾಣುತ್ತಿದ್ದವು. ಬಹುಭುಜಗಳನ್ನು ಹೆಚ್ಚಿಸಿದರೆ ವೆಚ್ಚವೂ ಏರುತ್ತಿತ್ತು. 1971ರಲ್ಲಿ ಫ್ರಾನ್ಸಿನ ಆನ್ರಿ ಗೂರೋ ಅವರು ಮೂಲೆಗಳಲ್ಲಿ ಮಾತ್ರ ಬೆಳಕನ್ನು ಲೆಕ್ಕಹಾಕಿ, ಅದನ್ನು ನಡುವಣ ಭಾಗಕ್ಕೆ ಕ್ರಮವಾಗಿ ಹಂಚುವ ವಿಧಾನವನ್ನು ರೂಪಿಸಿದರು. ಬಹುಭುಜಗಳು ಹೆಚ್ಚಲಿಲ್ಲ, ಮೇಲ್ಮೈ ನುಣುಪಾಯಿತು.

ಆದರೆ ಹೊಳಪು ಸರಿಯಾಗಿ ಮೂಡುತ್ತಿರಲಿಲ್ಲ. ವಿಯೆಟ್ನಾಂ ಮೂಲದ ಬುಯಿ ತುವಾಂಗ್ ಫಾಂಗ್ ಅವರು 1973ರ ಪ್ರಬಂಧದಲ್ಲಿ, ಮೇಲ್ಮೈ ಮುಖಮಾಡಿರುವ ದಿಕ್ಕನ್ನೇ ಪ್ರತಿ ಬಿಂದುವಿನಲ್ಲೂ ಲೆಕ್ಕಹಾಕಿ ಈ ಕೊರತೆಯನ್ನು ನೀಗಿಸಿದರು. 1975ರಲ್ಲಿ ಅವರು ಅಕಾಲ ಮರಣಕ್ಕೀಡಾದರು. 1974ರಲ್ಲಿ ಎಡ್ವಿನ್ ಕ್ಯಾಟ್‌ಮಲ್ ಮೇಲ್ಮೈಗೆ ಚಿತ್ರವನ್ನು ಹೊದಿಸುವ ಕ್ರಮವನ್ನೂ, 1978ರಲ್ಲಿ ಜೇಮ್ಸ್ ಬ್ಲಿನ್ ಆಕಾರವನ್ನು ಬದಲಿಸದೆ, ಬೆಳಕಿನ ಲೆಕ್ಕದಿಂದಲೇ ಸುಕ್ಕುಗಳನ್ನು ತೋರಿಸುವ ಕ್ರಮವನ್ನೂ ನೀಡಿದರು.

ಉದ್ಯಮಿಗಳು ಗಮನಿಸಬೇಕಾದ ಅಂಶ ಇಲ್ಲಿಯೇ ಇದೆ. ಈ ವಿಧಾನಗಳು ಉಳಿಸಿದ್ದು ಆಕಾರದ ವೆಚ್ಚವನ್ನು, ಕೊಟ್ಟಿದ್ದು ನೋಟವನ್ನು. ಪರದೆಯ ಮೇಲೆ ನುಣುಪಾಗಿ ಕಾಣುವ ವಸ್ತುವಿನ ಹೊರರೇಖೆಯಲ್ಲಿ ಚಪ್ಪಟೆ ಅಂಚುಗಳು ಉಳಿದಿರಬಹುದು. ಕಾಣುವ ಉಬ್ಬು ಆಕಾರದಲ್ಲಿ ಇಲ್ಲದಿರಬಹುದು. ಆದುದರಿಂದ ಚಿತ್ರವನ್ನು ಮೆಚ್ಚಿ ಆದೇಶ ಪಡೆಯಬಹುದಾದರೂ, ಡೈಗೆ ಹಣ ಹೂಡುವ ಮುನ್ನ ಅಳತೆಗಳಿರುವ ನಕ್ಷೆಗೆ ಉಭಯ ಪಕ್ಷಗಳ ಸಹಿ ಪಡೆಯುವುದು ಶ್ರೇಯಸ್ಕರ.