ಗೋಪುರವು ನುಡಿದ ಸಾಕ್ಷ್ಯ

ಮಗುವೊಂದು ಕಾಣೆಯಾಯಿತೆಂಬ ದೂರು ಠಾಣೆಗೆ ಬಂದಾಗ ಪೊಲೀಸರು ಈಗ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಅದರ ಬಳಿ ಮೊಬೈಲ್ ಇತ್ತೆ ಎಂಬುದು. ಅಪಹರಿಸಿದವನು ಹಣಕ್ಕಾಗಿ ಕರೆ ಮಾಡಿದ್ದರಂತೂ ಆ ಕರೆ ಯಾವ ಗೋಪುರದ ಮೂಲಕ ಬಂದಿತೆಂಬುದೇ ತನಿಖೆಯ ಮೊದಲ ಎಳೆ. ಚಲನಚಿತ್ರಗಳಲ್ಲಿ ಇದು ಬಹು ಸುಲಭ. ಭೂಪಟದ ಮೇಲೆ ಕೆಂಪು ಚುಕ್ಕೆಯೊಂದು ಮಿನುಗುತ್ತದೆ, ಜೀಪುಗಳು ಹೊರಡುತ್ತವೆ. ನಿಜವಾದ ಗೋಪುರವಾದರೋ ಚುಕ್ಕೆಯನ್ನು ತೋರಿಸಲಾರದು. ಅದು ತೋರಿಸುವುದು ಒಂದು ಪ್ರದೇಶವನ್ನು. ಆ ಪ್ರದೇಶ ಎಷ್ಟು ದೊಡ್ಡದು, ಎಂತಹ ಆಕಾರದ್ದು ಎಂಬುದು ಭೌತಶಾಸ್ತ್ರದ ಪ್ರಶ್ನೆ.

ನಮ್ಮ ಬಳ್ಳಾರಿ ಸೀಮೆಯನ್ನೇ ತೆಗೆದುಕೊಳ್ಳೋಣ. ನಗರದೊಳಗೆ ಗೋಪುರಗಳು ಒತ್ತಾಗಿವೆ. ಒಂದೊಂದರ ಪಾಲಿಗೆ ಬರುವುದು ಕೆಲವೇ ಬೀದಿಗಳು. ಸಿರುಗುಪ್ಪದ ಹಾದಿ ಹಿಡಿದು ಊರು ದಾಟಿದರೆ ಅವು ವಿರಳವಾಗುತ್ತವೆ. ಗೋಪುರದ ತಲೆಯಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖಮಾಡಿದ ಆಂಟೆನಾಗಳಿದ್ದು, ಒಂದೊಂದು ಮುಖವೂ ವೃತ್ತದ ಮೂರನೆಯ ಒಂದು ಭಾಗವನ್ನು, ಎಂದರೆ ೧೨೦ ಡಿಗ್ರಿಗಳನ್ನು, ನೋಡಿಕೊಳ್ಳುತ್ತದೆ. ಕರೆಯ ದಾಖಲೆಯಲ್ಲಿ ದೊರೆಯುವುದು ಗೋಪುರದ ಗುರುತು, ಮುಖದ ಗುರುತು ಮತ್ತು ವೇಳೆ. ವ್ಯಾಪ್ತಿಯನ್ನು ೧೦ ಕಿಲೋಮೀಟರ್ ಎಂದಿಟ್ಟುಕೊಂಡರೆ ಒಂದು ಮುಖದ ಪಾಲಿನ ನೆಲ ೧೦೦ ಚದರ ಕಿಲೋಮೀಟರಿಗೂ ಹೆಚ್ಚು! ಭತ್ತದ ಗದ್ದೆ, ಕಾಲುವೆ, ಅಕ್ಕಿ ಗಿರಣಿ, ಹಳ್ಳಿ ಎಲ್ಲವೂ ಅದರೊಳಗೇ ಅಡಗಿವೆ.

ದೂರವನ್ನು ಅಳೆಯುವ ಉಪಾಯವೂ ಉಂಟು. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ಸಾಗುತ್ತದೆ. ಎರಡನೆಯ ಪೀಳಿಗೆಯ ಮೊಬೈಲ್ ವ್ಯವಸ್ಥೆಯಲ್ಲಿ, ಅಲೆ ಹೋಗಿಬರಲು ಹಿಡಿಯುವ ಕಾಲವನ್ನು ಗೋಪುರವು ೩.೭ ಮೈಕ್ರೋಸೆಕೆಂಡುಗಳ ಹೆಜ್ಜೆಗಳಲ್ಲಿ ಎಣಿಸುತ್ತದೆ. ಅಷ್ಟರಲ್ಲಿ ಅಲೆ ೧,೧೦೦ ಮೀಟರ್ ಕ್ರಮಿಸುವುದು. ಹೋಗಿಬರುವ ದಾರಿಯಾದ್ದರಿಂದ ಅದರ ಅರ್ಧ, ೫೫೦ ಮೀಟರ್, ಒಂದು ಹೆಜ್ಜೆಯ ಬೆಲೆ. ಆಗ ಪ್ರದೇಶವು ಒಡೆದ ಬಳೆಯ ತುಂಡಿನಂತಾಗುತ್ತದೆ. ಆದರೆ ೧೦ ಕಿಲೋಮೀಟರ್ ದೂರದಲ್ಲಿ ಆ ತುಂಡಿನ ಉದ್ದವೇ ೨೧ ಕಿಲೋಮೀಟರ್. ಮೇಲಾಗಿ ಈ ಅಳತೆಯನ್ನು ದಾಖಲೆಯಲ್ಲಿ ಉಳಿಸುವುದು ಅಪರೂಪ.

ಇನ್ನೊಂದು ತೊಡಕಿದೆ. ಮೊಬೈಲು ಆರಿಸಿಕೊಳ್ಳುವುದು ಹತ್ತಿರದ ಗೋಪುರವನ್ನಲ್ಲ, ಬಲವಾಗಿ ಕೇಳಿಸುವ ಗೋಪುರವನ್ನು. ಕುರುಗೋಡಿನ ಬಂಡೆಗುಡ್ಡದ ಮರೆಯಲ್ಲಿ ನಿಂತವನಿಗೆ ಗುಡ್ಡದಾಚೆಯ ಸಮೀಪದ ಗೋಪುರವು ಕ್ಷೀಣವಾಗಿಯೂ, ಬಯಲಿನಾಚೆಯ ದೂರದ ಗೋಪುರವು ಸ್ಪಷ್ಟವಾಗಿಯೂ ಕೇಳಿಸಬಹುದು. ದಾಖಲೆಯನ್ನಷ್ಟೇ ನಂಬಿದ ತನಿಖೆಗಾರನು ಆಗ ಬೇರೊಂದು ಊರಿನಲ್ಲಿ ಮಗುವನ್ನು ಹುಡುಕುತ್ತಾನೆ. ಇಲ್ಲವೆ ನಿರಪರಾಧಿಯ ಮನೆಯ ಬಾಗಿಲು ತಟ್ಟುತ್ತಾನೆ.

ಹಾಗಾದರೆ ಈ ಸಾಕ್ಷ್ಯದಿಂದ ಪ್ರಯೋಜನವಿಲ್ಲವೆ? ಇಂಗ್ಲೆಂಡಿನ ಸೋಹಮ್‌ನಲ್ಲಿ ನಡೆದ ಘೋರ ಪ್ರಕರಣವನ್ನು ನೋಡಿದರೆ ಉತ್ತರ ದೊರೆಯುತ್ತದೆ. ಅದೂ ಸಿರುಗುಪ್ಪದ ಸುತ್ತಲಿನಂತೆ ಕಪ್ಪು ಮಣ್ಣಿನ ಸಮತಟ್ಟಾದ ಸೀಮೆಯ ಸಣ್ಣ ಪಟ್ಟಣ. ೨೦೦೨ನೆಯ ಆಗಸ್ಟ್ ೪ರ ಭಾನುವಾರ ಸಂಜೆ ಹತ್ತು ವರ್ಷದ ಬಾಲಕಿಯರಿಬ್ಬರು ಮನೆಯಿಂದ ಹೊರಬಿದ್ದವರು ಹಿಂದಿರುಗಲಿಲ್ಲ. ಒಬ್ಬಳ ಬಳಿ ಮೊಬೈಲ್ ಇತ್ತು. ಅದು ಸಂಜೆ ೬ ಗಂಟೆ ೪೬ ನಿಮಿಷಕ್ಕೆ ಆರಿತು.

ಗುಂಡಿಯೊತ್ತಿ ಆರಿಸಿದಾಗ ಮೊಬೈಲು ಗೋಪುರಕ್ಕೆ ಕೊನೆಯದೊಂದು ಸಂಕೇತವನ್ನು ಕಳುಹಿಸುತ್ತದೆ. ಬ್ಯಾಟರಿಯನ್ನೇ ಕಿತ್ತರೆ ಕಳುಹಿಸಲಾರದು. ಆ ಸಂಜೆಯ ಕೊನೆಯ ಸಂಕೇತವು ತಲುಪಿದುದು ನೆರೆಯ ಬರ್ವೆಲ್ ಎಂಬ ಹಳ್ಳಿಯ ಗೋಪುರವನ್ನು. ಇದು ವಿಚಿತ್ರವಾಗಿತ್ತು. ಏಕೆಂದರೆ ಸೋಹಮ್‌ನ ಬೀದಿಗಳಲ್ಲಿ ಬಹುಮಟ್ಟಿಗೆ ಬಲವಾಗಿ ಕೇಳಿಸುತ್ತಿದ್ದುದು ಬೇರೆ ಗೋಪುರಗಳು. ತಜ್ಞರು ಅಳತೆಯ ಉಪಕರಣವನ್ನು ಹಿಡಿದು ಬಾಲಕಿಯರು ನಡೆದಿರಬಹುದಾದ ದಾರಿಯನ್ನು ಪರೀಕ್ಷಿಸಿದರು. ಬರ್ವೆಲ್ಲಿನ ಅಲೆ ಮೇಲುಗೈ ಪಡೆಯುವ ತಾಣಗಳು ತೀರ ಕಡಿಮೆ. ಅವುಗಳಲ್ಲಿ ಒಂದು, ಅಲ್ಲಿನ ಶಾಲೆಯ ಕಟ್ಟಡಗಳ ಮೇಲ್ವಿಚಾರಕನಾಗಿದ್ದ ಇಯಾನ್ ಹಂಟ್ಲಿಯ ಮನೆಯ ಮುಂಭಾಗ. ಬಾಲಕಿಯರು ತನ್ನ ಬಾಗಿಲಲ್ಲಿ ಒಂದೆರಡು ಮಾತನಾಡಿ ಹೊರಟುಹೋದರೆಂದು ಪೊಲೀಸರಿಗೆ ಹೇಳಿದ್ದವನೂ ಅವನೇ!

ಗೋಪುರವೊಂದೇ ಅವನನ್ನು ಹಿಡಿದುಕೊಡಲಿಲ್ಲ. ಅರೆಸುಟ್ಟ ಬಟ್ಟೆಗಳು ಶಾಲೆಯ ಆವರಣದಲ್ಲಿಯೇ ಸಿಕ್ಕಿದವು. ಬಟ್ಟೆಯ ನೂಲಿನೆಳೆಗಳನ್ನು ಹೋಲಿಸಿ ನೋಡಲಾಯಿತು. ಆಗಸ್ಟ್ ೧೭ರಂದು ಅವನ ಬಂಧನವಾಯಿತು. ಅದೇ ದಿನ ಲೇಕನ್‌ಹೀತ್ ವಿಮಾನ ನೆಲೆಯ ಸಮೀಪದ ಹಳ್ಳವೊಂದರಲ್ಲಿ ಮಕ್ಕಳ ದೇಹಗಳು ದೊರೆತವು. ವಿಚಾರಣೆಯಲ್ಲಿ ಅವನು, ಮಕ್ಕಳು ತನ್ನ ಮನೆಯಲ್ಲಿಯೇ ಸತ್ತರೆಂದು ಒಪ್ಪಿಕೊಂಡು, ಅದು ಆಕಸ್ಮಿಕವೆಂದು ವಾದಿಸಿದನು. ಜ್ಯೂರಿ ನಂಬಲಿಲ್ಲ. ೨೦೦೩ನೆಯ ಡಿಸೆಂಬರ್ ೧೭ರಂದು ಜೀವಾವಧಿ ಶಿಕ್ಷೆಯಾಯಿತು.

ನಮ್ಮ ದೇಶದಲ್ಲಿ, ಕಾಣೆಯಾದ ಮಗುವಿನ ದೂರು ಬಂದೊಡನೆ ಮೊಕದ್ದಮೆ ದಾಖಲಿಸಬೇಕೆಂದೂ ಮೊದಲಿಗೆ ಅದನ್ನು ಅಪಹರಣವೆಂದೋ ಸಾಗಾಟವೆಂದೋ ಭಾವಿಸಬೇಕೆಂದೂ ಸುಪ್ರೀಂ ಕೋರ್ಟು ೨೦೧೩ರಲ್ಲಿ ವಿಧಿಸಿತು. 'ನೆಂಟರ ಮನೆಗೆ ಹೋಗಿರಬಹುದು, ನಾಳೆ ನೋಡೋಣ' ಎನ್ನುವುದಕ್ಕೆ ಈಗ ಅವಕಾಶವಿಲ್ಲ. ದಾಖಲೆಯನ್ನು ತರಿಸುವುದರ ಜೊತೆಗೆ ಸ್ಥಳಕ್ಕೆ ಹೋಗಿ ಅಲೆಯ ಬಲವನ್ನು ಅಳೆಯುವುದಕ್ಕೂ ತಡವಾಗಬಾರದು. ಕಂಪನಿಯವರು ನಡುವೆ ಹೊಸ ಗೋಪುರವೊಂದನ್ನು ನಿಲ್ಲಿಸಿದರೆ, ಅಥವಾ ಆಂಟೆನಾದ ಮುಖವನ್ನು ತುಸು ತಿರುಗಿಸಿದರೂ ಸಾಕು, ಕುರುಗೋಡಿನ ಗುಡ್ಡದ ಮರೆಯಲ್ಲಿ ಆ ದಿನ ಕೇಳಿಸಿದ ಗೋಪುರವು ಮರುತಿಂಗಳು ಕೇಳಿಸದೆ ಹೋಗಬಹುದು.